ಗವಸು ಒಗೆಯುವ ದಿನ

ಹನ್ನೊಂದಕ್ಕೆ ಬರುತ್ತೇವೆ ಎಂದವರು ಹತ್ತೂವರೆಗೇ ಬಂದುಬಿಟ್ಟರೆ ಎಂಬ ಆತಂಕದಲ್ಲಿ ಅವಳು ಬೆಳಗಿನಿಂದ ಮೂರು ಸಲ ಶೆಡ್ಡಿಗೆ ಹೋಗಿ ಬಂದಿದ್ದಳು. ಮೊದಲ ಸಲ ಹೋದದ್ದು ಕಾರಿನ ಗವಸು ತೆಗೆದು ಮಡಿಸಿಡುವುದಕ್ಕೆ. ಎರಡನೆಯ ಸಲ ಯಾಕೆ ಹೋದಳೆಂದು ಅವಳಿಗೇ ಗೊತ್ತಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಮಗುವಿನ ಜ್ವರ ನೋಡುವವರ ಹಾಗೆ ಸ್ವಲ್ಪ ಹೊತ್ತು ನಿಂತು ವಾಪಸು ಬಂದಳು. ಮೂರನೆಯ ಸಲ ಬಾಗಿಲು ತೆಗೆದು, ಒಂದು ಮಂಡಿಯನ್ನು ನೆಲಕ್ಕೂರಿ, ಸ್ಟೀರಿಂಗಿನ ಹಿಂದೆ ಕತ್ತಲೆಯೊಳಕ್ಕೆ ಕೈ ತೂರಿಸಿ, ಮೀಟರಿನ ಬೆನ್ನಿಗೆ ಕೇಬಲ್ಲು ಕೂಡುವ ಪುಟ್ಟ ತಿರುಪನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದಳು. ಬಿಗಿಯಾಗಿತ್ತು. ಅದು ಹೊಳೆಯದಿರಲೆಂದು ಅವಳೇ ಸವರಿದ್ದ ಮಸಿಯೂ ಗ್ರೀಸೂ ಬೆರಳಿಗಂಟಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದುಕೊಂಡಳು, ನಗು ಬಂತು. ಇಲ್ಲಿ ಇನ್ನೂ ಯಾರೂ ಕಳ್ಳ ಎಂದೇ ಇರಲಿಲ್ಲ.

ಅಂಗಳದಲ್ಲಿ ಗಂಡ ಇಸ್ತ್ರಿಯ ಅಂಗಿ ತೊಟ್ಟು, ಗೇಟಿನವರೆಗೆ ನಡೆದು, ತಿರುಗಿ, ಮತ್ತೆ ಗೇಟಿನವರೆಗೆ ನಡೆಯುತ್ತಿದ್ದ. ಮೂವತ್ತನಾಲ್ಕು ವರ್ಷ ಊರಿನ ವಿದ್ಯುತ್ ಕಚೇರಿಯಲ್ಲಿ ಮೀಟರ್ ಪರೀಕ್ಷಕನಾಗಿದ್ದವನು. ನಿವೃತ್ತನಾಗಿ ಎರಡು ವರ್ಷವಾದರೂ ಯಾರ ಮನೆಗೆ ಹೋದರೂ ಮೊದಲು ಕಣ್ಣೆತ್ತುವುದು ಬಾಗಿಲ ಪಕ್ಕದ ಮೀಟರಿನ ಕಡೆಗೇ. ಬೀದಿಯವರೆಲ್ಲ ಅವನನ್ನು ಮೀಟರ್ ಸಾರ್ ಎನ್ನುತ್ತಿದ್ದರು. ಅವನಿಗೆ ಅದು ಬಿರುದಿನಂತೆ ಕೇಳಿಸುತ್ತಿತ್ತು.

"ಟೀಗೆ ನೀರಿಟ್ಟಿದ್ದೀಯೇನೇ?"

"ಅವರು ಬರ್ಲಿ ಇರ್ರೀ. ಈಗ್ಲೇ ಮಾಡಿಟ್ರೆ ಅದೂ ನಿಮ್ಮ ಗಾಡಿ ಥರ ನಿಂತಲ್ಲೇ ಹಳೇದಾಗುತ್ತೆ."

"ನಿಂತ್ರೆ ಬೆಲೆ ಬೀಳೋದು ಟೀದು. ಗಾಡೀದು ಏರುತ್ತೆ," ಎಂದ ಅವನು, ಖುಷಿಯಿಂದ. ಇದನ್ನು ಬಂದವರೆದುರು ಇನ್ನೊಮ್ಮೆ ಹೇಳುತ್ತಾನೆಂದು ಅವಳಿಗೆ ಗೊತ್ತಾಯಿತು.

ಇಪ್ಪತ್ತಮೂರು ವರ್ಷದ ಕಾರು. ಮೀಟರಿನಲ್ಲಿ ಮೂರು ಸಾವಿರದ ನಾನೂರ ಏಳು ಕಿಲೋಮೀಟರು. ಗಂಡನಿಗೆ ಅದು ಮಗಳ ಹುಟ್ಟಿದ ತಾರೀಖಿಗಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು. ಈಗ ಅವರು ಮೂರನೆಯ ಮಹಡಿಯ ಮನೆಯೊಂದಕ್ಕೆ ಹೋಗುವವರು. ಅಲ್ಲಿ ಕಾರಿಗೆ ಜಾಗವಿಲ್ಲ. ಹಳೆಯ ಕಾರುಗಳನ್ನು ಕೂಡಿಡುವ ಶ್ರೀಮಂತನೊಬ್ಬನನ್ನು ದಲ್ಲಾಳಿ ಹಿಡಿದಿದ್ದ. ಅಂಥವರು ಓಡಿದ ಗಾಡಿಗೆ ಒಂದು ಲಕ್ಷ ಕೊಟ್ಟರೆ ಓಡದ ಗಾಡಿಗೆ ಎಂಟು ಕೊಡುತ್ತಾರಂತೆ. ಆದರೆ ಗಂಡನಿಗೆ ಎಂಟರ ಲೆಕ್ಕ ಮುಖ್ಯವಾಗಿರಲಿಲ್ಲ, ಅದು ಅವಳಿಗೆ ಗೊತ್ತು. ತಾನು ಏನೋ ಒಂದನ್ನು ಹಾಳಾಗದಂತೆ ಕಾಪಾಡಿದ್ದೇನೆಂದು ಹೊರಗಿನವನೊಬ್ಬ ಬಂದು ಬರೆದುಕೊಡಬೇಕಿತ್ತು. ಅದಕ್ಕೇ ಆ ಇಸ್ತ್ರಿಯ ಅಂಗಿ. ಗಾಡಿ ನೋಡಿ ಬೆಲೆ ಕಟ್ಟುವವನು ದಲ್ಲಾಳಿಯ ಜೊತೆ ಇವತ್ತು ಬರುವವನಿದ್ದ. ಆ ಬರಹದಲ್ಲಿ ಮೊದಲ ಸಾಲಿಗೇ ಬರಬೇಕಾದ ಅಂಕಿ ಸುಳ್ಳೆಂಬುದು ಈ ಮನೆಯಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಮನೆಯ ಹೊರಗೆ, ಬೀದಿಯ ಎಲ್ಲ ಹೆಂಗಸರಿಗೂ ಗೊತ್ತಿತ್ತು.

ಅವಳು ಬೆರಳಿನ ಮಸಿಯನ್ನು ಸೋಪಿನಲ್ಲಿ ತಿಕ್ಕಿದಳು. ಉಗುರಿನ ಸಂದಿಯಲ್ಲಿ ಉಳಿಯಿತು. ಹಳೇ ಮೀಟರಿನಲ್ಲಿ ಹೊಳೆಯೋ ತಿರುಪು ಕಂಡ್ರೆ ಅಲ್ಲಿ ಕೈ ಆಡಿದೆ ಅಂತ ತಿಳ್ಕೋ, ಎಂದು ಅವಳಿಗೆ ಹೇಳಿಕೊಟ್ಟವನೇ ಗಂಡ. ಮದುವೆಯಾದ ಹೊಸದರಲ್ಲಿ ಊಟಕ್ಕೆ ಕೂತಾಗ ಅವನು ಹೇಳುತ್ತಿದ್ದುದೆಲ್ಲ ಕಳ್ಳರ ಕಥೆಗಳೇ. ಯಾರು ಸೀಲು ಒಡೆದು ಮತ್ತೆ ಅಂಟಿಸಿದ್ದರು, ಯಾರು ಒಳಗಿನ ಚಕ್ರಕ್ಕೆ ಕಡ್ಡಿ ಸಿಕ್ಕಿಸಿದ್ದರು. ಅಂಥ ಮನೆಯ ಬಾಗಿಲಲ್ಲಿ ನಿಂತು ಅವನು ಕೂಗಾಡುತ್ತಿರಲಿಲ್ಲ. ಮೀಟರನ್ನು ಟಾರ್ಚಿನಲ್ಲಿ ನೋಡಿ, ತಣ್ಣಗೆ, "ಯಾರು ಮಾಡಿದ್ದು? ಕೆಲಸ ನೀಟಾಗಿದೆ," ಎನ್ನುತ್ತಿದ್ದನಂತೆ. ಅಷ್ಟಕ್ಕೇ ಮನೆಯವರು ಕುಸಿದುಹೋಗುತ್ತಿದ್ದರಂತೆ. "ಮೀಟರ್ ಸುಳ್ಳು ಹೇಳಲ್ಲ ಕಣೇ. ಸುಳ್ಳು ಹೇಳೋದು ಮನುಷ್ಯ," ಎಂದು ಅವನು ತಟ್ಟೆಯಿಂದ ತಲೆಯೆತ್ತಿದಾಗ ಅವಳಿಗೆ ಹೆಮ್ಮೆಯಾಗುತ್ತಿತ್ತು, ನಿಜವಾಗಿಯೂ. ಇಡೀ ಊರಿನ ಮೀಟರು ಕಾದವನ ಮನೆಯಲ್ಲಿ ಹತ್ತೊಂಬತ್ತು ವರ್ಷ ಒಂದು ಮೀಟರು ನಿಂತೇ ಇತ್ತು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದನ್ನು ದೀಪದ ಕಚೇರಿಯವನಿಗೆ ಹೇಳುವವರು ಯಾರು?

ಕಾರು ಬಂದ ಮೊದಲ ಮೂರು ತಿಂಗಳು ಅವನು ಅದರಿಂದ ಇಳಿದವನೇ ಅಲ್ಲ. ರಜೆ ಸಿಕ್ಕರೆ ಸಾಕು, ಅವಳನ್ನು ಪಕ್ಕಕ್ಕೂ ಮಗಳನ್ನು ಹಿಂದಕ್ಕೂ ಹತ್ತಿಸಿಕೊಂಡು, ಎಲ್ಲಿಗೆ ಎಂದು ಕೇಳಿದರೆ ರಸ್ತೆ ಮುಗಿಯೋವರೆಗೆ ಎನ್ನುತ್ತಿದ್ದ. ಮೂರು ಸಾವಿರವೂ ಹಾಗೆ ಆದದ್ದು. ಆಮೇಲೆ ಒಂದು ಸಂಜೆ, ಊರು ಇನ್ನು ಹನ್ನೊಂದು ಕಿಲೋಮೀಟರು ಇದೆ ಎನ್ನುವಾಗ, ತಿರುವಿನಲ್ಲಿ ಚಕ್ರದ ಕೆಳಗೆ ಏನೋ ಢಬ್ ಎಂದು ಒಡೆಯಿತು. ಅದು ಚೆಂಡು. ಕೆಂಪು ಬಣ್ಣದ, ದೊಡ್ಡ ರಬ್ಬರಿನ ಚೆಂಡು. ಚೆಂಡಿನ ಒಡತಿ ರಸ್ತೆಯ ಅಂಚಿನಲ್ಲಿ ಎರಡೂ ಕೈ ಚಾಚಿಕೊಂಡು ನಿಂತಿದ್ದಳು, ಐದು ವರ್ಷವಿರಬೇಕು, ಒಂದು ಗೀರೂ ಆಗಿರಲಿಲ್ಲ. ಗಂಡ ಇಳಿದು ಆ ಹುಡುಗಿಯ ಎದುರು ಕುಕ್ಕರಗಾಲಲ್ಲಿ ಕೂತ. ಎಷ್ಟು ಹೊತ್ತಾದರೂ ಏಳಲಿಲ್ಲ. ಎದ್ದವನು ಸ್ಟೀರಿಂಗಿನ ಕಡೆಗೆ ಬರದೆ ಹಿಂದಿನ ಬಾಗಿಲು ತೆಗೆದು ಮಗಳ ಪಕ್ಕ ಕೂತು, ಕಿಟಕಿಯ ಆಚೆ ನೋಡತೊಡಗಿದ. ಬಸ್ ಡ್ರೈವರನ ಮಗಳು ಅವಳು, ಡಿಪೋದ ಅಂಗಳದಲ್ಲಿ ಅಪ್ಪನ ತೊಡೆಯ ಮೇಲೆ ಕೂತು ಸ್ಟೀರಿಂಗು ಹಿಡಿದು, ಆಮೇಲೆ ಪರೀಕ್ಷೆ ಕೊಟ್ಟು ಲೈಸೆನ್ಸು ಪಡೆದವಳು. ಸುಮ್ಮನೆ ಸರಿದು ಕೂತು ಹನ್ನೊಂದು ಕಿಲೋಮೀಟರು ಓಡಿಸಿ ಕಾರನ್ನು ಶೆಡ್ಡಿಗೆ ಹಾಕಿದಳು. ಮಾರನೆಯ ದಿನ ಗವಸು ಬಂತು. ಓಡಿಸಿದರೆ ಗಾಡಿಯ ಬೆಲೆ ಬೀಳುತ್ತದೆ ಎಂಬ ಮಾತು ಬಂತು. "ಆವತ್ತು ಸಂಜೆ ತಂದು ನಿಲ್ಲಿಸಿದೆ ನೋಡಿ, ಮತ್ತೆ ತೆಗೆದಿಲ್ಲ," ಎಂದು ಅವನು ನೆಂಟರಿಗೆ ಹೇಳುವಾಗ ಅವಳು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಭಯ ಎನ್ನುವುದು ಅವನ ಬಾಯಲ್ಲಿ ನಿಧಾನವಾಗಿ ಶಿಸ್ತಾಯಿತು, ಶಿಸ್ತು ಹೆಮ್ಮೆಯಾಯಿತು. ಅದು ಭಯವೆಂದು ಬಲ್ಲವಳು ತಾನೊಬ್ಬಳೇ ಎಂಬುದನ್ನು ಅವಳು ಒಡವೆಯ ಹಾಗೆ ಬಚ್ಚಿಟ್ಟುಕೊಂಡಿದ್ದಳು.

ಗೇಟಿನ ಸದ್ದಾಯಿತು. ದಲ್ಲಾಳಿ ಅಲ್ಲ, ಎದುರು ಮನೆಯ ಟೈಲರ್. ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು.

"ಅಕ್ಕಾ," ಎಂದು ಅಡುಗೆಮನೆಯ ಕಿಟಕಿಗೆ ಮುಖ ತಂದು ಪಿಸುಗುಟ್ಟಿದಳು, "ಇವತ್ತು ಗವಸು ಒಗೀತಾರಂತೆ ಹೌದಾ? ಬೇರೆಯೋರು?"

"ಸುಮ್ನಿರೇ ನೀನು. ಹೊರಗಡೆ ಇದ್ದಾರೆ."

"ನಾವೆಲ್ಲ ಬೆಳಗ್ಗಿಂದ ಮಿಷನ್ ತುಳಿಯೋದು ಬಿಟ್ಟು ಕೂತಿದ್ದೀವಿ. ಏನಾದ್ರೂ ಆದ್ರೆ ಒಂದು ಕೂಗು ಹಾಕಿ. ಇಡೀ ಬೀದಿ ಬರುತ್ತೆ ಸಾಕ್ಷಿ ಹೇಳೋಕೆ."

"ಯಾವ ಕಡೆ ಸಾಕ್ಷೀನೇ?"

"ನೀವು ಯಾವ ಕಡೆ ಅಂತೀರೋ ಆ ಕಡೆ," ಎಂದು ಟೈಲರ್ ನಕ್ಕು ಓಡಿದಳು.

ಮೊದಲ ಸಲ ಗವಸು ತೆಗೆಸಿದವಳೂ ಇವಳೇ. ಒಂದು ಮಧ್ಯಾಹ್ನ ಉಸಿರು ಕಟ್ಟಿ ನೀಲಿಯಾಗುತ್ತಿದ್ದ ಕೂಸನ್ನೆತ್ತಿಕೊಂಡು ಬೀದಿಯ ನಡುವೆ ನಿಂತಿದ್ದಳು. ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದ ಹೊತ್ತು, ಬಾಡಿಗೆ ವಾಹನಗಳು ಯಾವುದೂ ಇಲ್ಲ. ಗೇಟಿನಿಂದ ಅದನ್ನು ಕಂಡ ಅವಳು ಯೋಚಿಸಲಿಲ್ಲ. ಗವಸು ಎಳೆದಳು, ಕೂತಳು, ಆಮೇಲೆ ಆ ಗಾಬರಿಯಲ್ಲೂ ಯೋಚಿಸಿದಳು: ಕೈ ತಾನಾಗಿ ಸ್ಟೀರಿಂಗಿನ ಹಿಂದಕ್ಕೆ ಹೋಗಿ ಕೇಬಲ್ಲಿನ ತಿರುಪು ಬಿಚ್ಚಿತು. ಖಾಸಗಿ ಕೆಲಸಕ್ಕೆ ಬಸ್ಸು ತೆಗೆದಾಗ ಡಿಪೋದವರು ಹಾಗೆ ಮಾಡುತ್ತಿದ್ದುದನ್ನು ಅಪ್ಪ ನಗುತ್ತ ತೋರಿಸಿದ್ದ. "ಕೇಬಲ್ ಬಿಚ್ಚಿದ್ರೆ ಮುಳ್ಳು ಮಲಗುತ್ತೆ, ಕಿಲೋಮೀಟರೂ ನಿಲ್ಲುತ್ತೆ ಮಗಾ. ಆಗ ವೇಗ ಕಣ್ಣಲ್ಲಿ ನೋಡ್ಬಾರ್ದು, ಕಿವೀಲಿ ಕೇಳ್ಬೇಕು." ಕೂಸು ಬದುಕಿತು, ಈಗ ಅದಕ್ಕೇ ಒಂದು ಕೂಸು. ಆ ಮಧ್ಯಾಹ್ನ ಆಸ್ಪತ್ರೆಯಿಂದ ಖಾಲಿ ಕಾರಿನಲ್ಲಿ ಒಬ್ಬಳೇ ಮರಳುವಾಗ, ಕಿಟಕಿ ಇಳಿಸಿ, ಸತ್ತು ಮಲಗಿದ ಮುಳ್ಳನ್ನು ನೋಡುತ್ತ, ಎಂಜಿನ್ನಿನ ದನಿ ಏರುವುದನ್ನು ಕೇಳುತ್ತ, ಅವಳು ಮನೆಗೆ ತಿರುಗುವ ರಸ್ತೆಯನ್ನು ಬಿಟ್ಟು ಮುಂದಕ್ಕೆ ಹೋದಳು. ಅದನ್ನು ಯಾರಿಗೂ ಹೇಳಲಿಲ್ಲ, ಟೈಲರಿಗೂ. ಆ ನಾಲ್ಕೈದು ಕಿಲೋಮೀಟರು ಯಾವ ಕೂಸಿಗಾಗಿಯೂ ಅಲ್ಲ.

ಆಮೇಲೆ ಅದೊಂದು ಪದ್ಧತಿಯೇ ಆಯಿತು. ಗಂಡ ನಿವೃತ್ತನಾಗುವವರೆಗೂ ವಾರಕ್ಕೆ ಎರಡು ಸಲ ಗವಸು ಒಗೆಯುವ ದಿನ. ಗವಸು ಹಗ್ಗದ ಮೇಲೆ ಹರಡಿದ್ದರೆ ಶೆಡ್ಡಿನ ಮುಂದೆ ಪರದೆ ಕಟ್ಟಿದಂತಾಗುತ್ತಿತ್ತು, ಒಳಗೆ ಕಾರಿದೆಯೋ ಇಲ್ಲವೋ ಬೀದಿಗೆ ಕಾಣುತ್ತಿರಲಿಲ್ಲ. "ಅಕ್ಕಾ, ಗುರುವಾರ ಗವಸು ಒಗೀತೀರಾ?" ಎಂದು ಯಾರಾದರೂ ಕೇಳಿದರೆ ಯಾರದೋ ಹೆರಿಗೆಯ ತಪಾಸಣೆ, ಯಾರದೋ ಪರೀಕ್ಷೆ, ಯಾರೋ ಮುದುಕಿಗೆ ತಂಗಿಯನ್ನು ಸಾಯುವ ಮೊದಲು ನೋಡುವ ಆಸೆ. ಪೆಟ್ರೋಲು ಹತ್ತಿದವರದು. ಟ್ಯಾಂಕಿನ ಮುಳ್ಳು ಅರ್ಧದ ಗೆರೆಯಿಂದ ಕೂದಲಷ್ಟೂ ಆಚೀಚೆ ಆಗದಂತೆ ತುಂಬಿಸಿ ತರುತ್ತಿದ್ದಳು. ಬೆಳಿಗ್ಗೆ ತಿಂಡಿಗೆ ಕೂತಾಗ ಗಂಡ ಇವತ್ತು ಮಾರುಕಟ್ಟೆ ಕಡೆ ತಪಾಸಣೆ ಎಂದರೆ ಅವಳು ಕೆರೆಯ ಕಡೆ. ಕೆರೆಯ ಕಡೆ ಎಂದರೆ ಮಾರುಕಟ್ಟೆ. ಟೈರು ಸವೆದಾಗ, ನಿಂತ ಟೈರಿಗೂ ವಯಸ್ಸಾಗುತ್ತದೆ ರೀ ಎಂದಳು. ಅವನು ಹೌದೆಂದು ತಲೆದೂಗಿ ಅವಳ ತಿಳಿವಳಿಕೆಯನ್ನು ಮೆಚ್ಚಿದ. "ನಮ್ಮನೆಯೋಳು ವಾರಕ್ಕೆರಡು ಸಲ ಗವಸು ಒಗೀತಾಳೆ. ಗಾಡಿ ಮೇಲೆ ನನಗಿಂತ ಅವಳಿಗೇ ಪ್ರೀತಿ," ಎಂದು ಅವನು ಹೇಳಿಕೊಳ್ಳುವಾಗ ಬೀದಿಯ ಹೆಂಗಸರು ಬಾಯಿಗೆ ಬಟ್ಟೆ ಒತ್ತಿಕೊಂಡು ಒಳಗೋಡುತ್ತಿದ್ದರು. ಒಮ್ಮೆ ಮಗಳು, ಆಗ ಎಂಟು ವರ್ಷ, ಊಟದ ನಡುವೆ ಸುಮ್ಮನೆ, "ಅಪ್ಪಾ, ಇವತ್ತು ಅಮ್ಮ ಗವಸು ಒಗೆದ್ಲು," ಎಂದು ಹೇಳಿ ಅವಳ ಕಡೆ ಕಣ್ಣು ಮಿಟುಕಿಸಿದಳು. ಮಗುವಿಗೆ ಸುಳ್ಳನ್ನಲ್ಲ, ನಿಜವನ್ನೇ ಸುಳ್ಳಿನ ಹಾಗೆ ಹೇಳುವುದನ್ನು ಕಲಿಸಿದ್ದೇನೆ ಎನಿಸಿತು. ಆ ಚುಚ್ಚು ಇವತ್ತಿಗೂ ಇದೆ. ಆದರೂ ಮುಂದಿನ ಗುರುವಾರ ಗವಸು ಹಗ್ಗದ ಮೇಲಿತ್ತು.

ಬಂದರು. ದಲ್ಲಾಳಿ ಗೇಟಿನಿಂದಲೇ ಮಾತು ಶುರು ಮಾಡಿದ. "ಅದೋ ನೋಡಿ, ನಾನು ಹೇಳಿರ್ಲಿಲ್ವಾ! ಶೋರೂಮಿಂದ ಬಂದು ಮಲಗಿದ್ದು ಇನ್ನೂ ಕಣ್ಣು ಬಿಟ್ಟಿಲ್ಲ. ಇಂಥಾ ಗಾಡಿ ಹುಡುಕಿದ್ರೆ ಇನ್ನೊಂದು ಸಿಕ್ಕಲ್ಲ." ಬೆಲೆ ಕಟ್ಟುವವನು ವಯಸ್ಸಾದವನು, ಮಾತು ಕಡಿಮೆ, ಚಪ್ಪಲಿಯನ್ನು ಶೆಡ್ಡಿನ ಹೊರಗೆ ಬಿಟ್ಟು ಒಳಗೆ ಬಂದ. ಅವನು ಕಾರನ್ನು ಮುಟ್ಟುವ ಮೊದಲು ಒಂದು ಸುತ್ತು ಬಂದ ರೀತಿ ನೋಡಿಯೇ ಅವಳು ಉಗುರಿನ ಮಸಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಗಂಡ ತನ್ನ ಟೀಯ ಮಾತನ್ನು ಹೇಳಿದ. ದಲ್ಲಾಳಿ ನಕ್ಕ. ಮುದುಕ ನಗದೆ, "ಒಂದ್ಸಲ ಸ್ಟಾರ್ಟ್ ಮಾಡಿ ಯಜಮಾನ್ರೇ," ಎಂದ.

ಗಂಡ ಕೂತ. ಭಾನುವಾರಗಳಲ್ಲಿ ಕೂರುವ ಹಾಗೆಯೇ, ಬೆನ್ನು ನೆಟ್ಟಗೆ, ಎರಡೂ ಪಾದ ನೆಲದ ಮೇಲೆ ಜೋಡಿಸಿ, ಗೇರಿಗೆ ಕೈ ತಗಲದಂತೆ. ಎಂಜಿನ್ನು ಮೊದಲ ತಿರುವಿಗೇ ಎಚ್ಚರಗೊಂಡು ಸಣ್ಣ ದನಿಯಲ್ಲಿ ಗುನುಗತೊಡಗಿತು. ಅವನು ತಾನೇ ಹಾಡಿದವನಂತೆ ಎಲ್ಲರ ಮುಖ ನೋಡಿದ. ಮುದುಕ ಮಾತ್ರ ಕಿವಿಯನ್ನು ಬಾನೆಟ್ಟಿನ ಹತ್ತಿರ ತಂದು, ಬಹಳ ಹೊತ್ತು ಕೇಳಿ, "ಚೆನ್ನಾಗಿದೆ," ಎಂದ. ಸ್ವಲ್ಪ ಬಿಟ್ಟು, ಕೆಟ್ಟ ಸುದ್ದಿ ಹೇಳುವ ಡಾಕ್ಟರರ ದನಿಯಲ್ಲಿ, "ತುಂಬಾನೇ ಚೆನ್ನಾಗಿದೆ," ಎಂದ.

"ಹಾಗಂದ್ರೆ?"

"ನಿಂತ ಗಾಡಿ ಹೀಗೆ ಮಾತಾಡಲ್ಲ ಸಾರ್. ಇಪ್ಪತ್ತು ವರ್ಷ ನಿಂತಿದ್ರೆ ಒಳಗಿನ ರಬ್ಬರೆಲ್ಲ ಒಣಗಿ ಎಣ್ಣೆ ಸೋರ್ಬೇಕು. ಬ್ರೇಕ್ ಹಿಡ್ಕೊಂಡಿರ್ಬೇಕು. ಟ್ಯಾಂಕಲ್ಲಿ ತುಕ್ಕು ಕೂತಿರ್ಬೇಕು. ಇದು ದುಡಿದ ಮೈ."

"ಭಾನುವಾರ ಭಾನುವಾರ ಹತ್ತು ನಿಮಿಷ ಸ್ಟಾರ್ಟ್ ಮಾಡ್ತಿದ್ದೆ. ಗಡಿಯಾರ ಇಟ್ಕೊಂಡು!"

"ಕೂತಲ್ಲೇ ಕೈಕಾಲು ಆಡಿಸಿದ್ರೆ ಯಾರೂ ಪೈಲ್ವಾನ್ ಆಗಲ್ಲ ಸಾರ್. ಸ್ವಲ್ಪ ಇಳೀತೀರಾ?"

ಗಂಡ ಇಳಿದ ಬಾಗಿಲಿನಲ್ಲಿ ಮುದುಕ ಮಂಡಿಯೂರಿದ. ಅವಳು ಬೆಳಿಗ್ಗೆ ಊರಿದ್ದ ಜಾಗದಲ್ಲೇ. ಟಾರ್ಚಿನ ಬೆಳಕು ಸ್ಟೀರಿಂಗಿನ ಹಿಂದಕ್ಕೆ ಹೋಯಿತು, ತಿರುಪಿನ ಮೇಲೆ ನಿಂತಿತು, ಮಸಿ ಗ್ರೀಸುಗಳ ಮೇಲೆ ಒಮ್ಮೆ ಅಡ್ಡಾಡಿ ಮುಂದೆ ಹೋಯಿತು. ಅವಳು ಉಸಿರು ಬಿಟ್ಟಳು. ಆಗ ಬೆಳಕು ಕೆಳಕ್ಕೆ ಇಳಿಯಿತು, ಕ್ಲಚ್ಚಿನ ಮೇಲೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಂತೆ. ಹತ್ತೊಂಬತ್ತು ವರ್ಷ ಅವಳು ಕೈ ಮಾಡಿದ್ದನ್ನು ಮುಚ್ಚಿದ್ದಳೇ ಹೊರತು ಕಾಲನ್ನು ಮರೆತಿದ್ದಳು. ಪೂರ್ತಿ ಮರೆತಿದ್ದಳೇ? ಕೆಲವು ವರ್ಷದ ಹಿಂದೆ ಒಮ್ಮೆ ಆ ರಬ್ಬರಿನ ಗೆರೆಗಳು ಅಳಿಸಿಹೋದದ್ದನ್ನು ಕಂಡು, ಹೊಸದು ಹಾಕಿಸಬೇಕು ಎಂದುಕೊಂಡಿದ್ದಳು. ಆಮೇಲೆ ತನ್ನ ಪಾದವನ್ನು ಅಲ್ಲಿಟ್ಟು ನೋಡಿ, ಅದು ಅಲ್ಲಿ ಕೂತ ಚಂದಕ್ಕೆ, ಇರಲಿ ಎಂದುಕೊಂಡಿದ್ದಳು.

ಮುದುಕ ಹೆಬ್ಬೆರಳಿನಿಂದ ರಬ್ಬರನ್ನು ಸವರಿದ. "ಕಾಲು ಚಿಕ್ಕದು," ಎಂದ ತನಗೇ ಹೇಳಿಕೊಳ್ಳುವಂತೆ. "ಹಿಮ್ಮಡಿ ಇಲ್ಲಿ ಊರುತ್ತೆ. ಬ್ರೇಕ್ ಅಷ್ಟು ಸವೆದಿಲ್ಲ. ದೂರದಿಂದ್ಲೇ ನೋಡ್ಕೊಂಡು ವೇಗ ಇಳಿಸೋರು. ಚೆನ್ನಾಗಿ ಓಡಿಸೋ ಕೈ." ಎದ್ದು ಮಂಡಿ ಕೊಡವಿಕೊಂಡ. "ಅರವತ್ತು ಸಾವಿರ ಕಿಲೋಮೀಟರ್. ಒಂದೆರಡು ಸಾವಿರ ಹೆಚ್ಚು ಕಮ್ಮಿ."

ಅರವತ್ತು ಸಾವಿರ. ಮೊದಲು ಅವಳಿಗೆ ತಪ್ಪಾಗಲಿ ಭಯವಾಗಲಿ ಅನಿಸಲೇ ಇಲ್ಲ. ಎದೆ ತುಂಬಿ ಬಂತು, ಶಾಲೆಯ ಫಲಿತಾಂಶದ ಹಲಗೆಯ ಮುಂದೆ ಯಾರೋ ಅವಳ ಅಂಕವನ್ನು ಗಟ್ಟಿಯಾಗಿ ಓದಿದ ಹಾಗೆ. ಎಷ್ಟು ಓಡಿಸಿದ್ದೇನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಎಣಿಸುವ ಮುಳ್ಳನ್ನು ಅವಳೇ ಮಲಗಿಸಿದ್ದಳಲ್ಲ! ಹೋದ ಒಂದೊಂದು ದಾರಿಯೂ ಹೋದ ಕೂಡಲೇ ಇಲ್ಲವಾಗುತ್ತಿತ್ತು. ಮನೆಗೆ ಬಂದು ಗವಸು ಹೊದಿಸಿದರೆ ಎಲ್ಲಿಗೂ ಹೋಗದ ಕಾರು, ಎಲ್ಲಿಗೂ ಹೋಗದ ಹೆಂಗಸು. ಕೆಲವು ಸಲ ರಾತ್ರಿ ಮಲಗಿದಾಗ, ನಿಜಕ್ಕೂ ಹೋಗಿದ್ದೆನೇ ಎಂದು ತನ್ನನ್ನೇ ಕೇಳಿಕೊಂಡದ್ದಿದೆ. ಈಗ ಗುರುತು ಪರಿಚಯ ಇಲ್ಲದ ಒಬ್ಬ ಮುದುಕ ಅವಳ ಹೆಜ್ಜೆಯನ್ನು ಬೆರಳಲ್ಲಿ ಓದಿ, ಹೋಗಿದ್ದೆ, ಇಷ್ಟು ಹೋಗಿದ್ದೆ, ಎಂದು ಹೇಳಿದ್ದ.

"ಮೀಟರ್ ತಿರುಗಿಸಿದ್ದು ಯಾರು ಸಾರ್?" ಎಂದು ಮುದುಕ ಗಂಡನ ಕಡೆ ತಿರುಗಿ ತಣ್ಣಗೆ ಕೇಳಿದ. "ಕೆಲಸ ನೀಟಾಗಿದೆ."

ಗಂಡನ ಮುಖ ಬಿಳಿಚಿಕೊಂಡಿತು. ಆ ಮಾತು ಅವನದು. ಎಷ್ಟೋ ಬಾಗಿಲುಗಳಲ್ಲಿ ನಿಂತು ಅವನೇ ಆಡಿದ್ದ ಮಾತು, ಅದೇ ದನಿ, ಅದೇ ಟಾರ್ಚು. "ನಾನು... ಸ್ವಾಮೀ, ನಾನು ಯಾರು ಗೊತ್ತಾ ನಿಮಗೆ? ಮೂವತ್ತನಾಲ್ಕು ವರ್ಷ ಇಂಥೋರನ್ನ ಹಿಡಿದವನು ನಾನು. ಒಬ್ಬನ ಹತ್ರ ಒಂದು ಕಾಸು ಮುಟ್ಟಿದವನಲ್ಲ," ಎನ್ನುವಾಗ ದನಿ ಸೀಳಿತು. ಸಿಕ್ಕಿಬಿದ್ದವರೆಲ್ಲ ಹೀಗೇ ಹೇಳುತ್ತಿದ್ದರೆಂದು ಅವನಿಗೂ ನೆನಪಾಗಿರಬೇಕು, ಅರ್ಧಕ್ಕೇ ನಿಲ್ಲಿಸಿ ಇಸ್ತ್ರಿಯ ಅಂಗಿಯ ಗುಂಡಿಯನ್ನು ಹಿಡಿದುಕೊಂಡ.

ದಲ್ಲಾಳಿ ನಡುವೆ ನುಗ್ಗಿದ. "ಅಯ್ಯೋ, ಸಾರ್ ಅಂಥೋರಲ್ಲ! ರಿಪೇರಿಗೆ ಬಿಟ್ಟಾಗ ಆ ಮೆಕ್ಯಾನಿಕ್ಕೇ ತಗೊಂಡು ಸುತ್ತಾಡಿ ತಿರುಗಿಸಿರ್ಬೇಕು. ಅದೇ, ಆ ಕುಂಟ, ಹೋದ ವರ್ಷ ತೀರ್ಕೊಂಡ್ನಲ್ಲ. ಅವನೇ. ಅವನ ಹೆಸರಲ್ಲಿ ಬರೆದ್ಬಿಟ್ರೆ ಆಯ್ತಪ್ಪ, ಸತ್ತೋನು ಎದ್ದು ಬಂದು ಅಲ್ಲ ಅಂತಾನಾ?"

ಬಾಗಿಲು ತೆರೆದೇ ಇತ್ತು. ಅವಳು ಸುಮ್ಮನಿದ್ದರೆ ಸಾಕಿತ್ತು, ಲೋಟ ಎತ್ತಿಕೊಂಡು ಒಳಗೆ ಹೋದರೆ ಸಾಕಿತ್ತು, ಎಷ್ಟೋ ಸಲ ಹೋದ ಹಾಗೆ. ಗಂಡನ ಮಾನ ಉಳಿಯುತ್ತಿತ್ತು. ಆದರೆ ಆ ಅರವತ್ತು ಸಾವಿರ? ಟೈಲರಿನ ಕೂಸು, ಮುದುಕಿಯ ತಂಗಿ, ಕೆರೆಯ ಆಚೆಯ ಏರು, ಯಾರಿಗಾಗಿಯೂ ಅಲ್ಲದ ಆ ನಾಲ್ಕೈದು ಕಿಲೋಮೀಟರು, ಎಲ್ಲ ಒಬ್ಬ ಸತ್ತ ಕುಂಟನ ಪಾಲಾಗುತ್ತಿತ್ತು. ಅವನಿಗೂ ಸಲ್ಲದ ಕಳ್ಳತನವಾಗಿ. ಸತ್ಯ ಹೇಳಬೇಕೆಂದು ಅವಳಿಗೆ ಅನಿಸಿತು ಎಂದರೆ ಅದು ಪೂರ್ತಿ ಸತ್ಯವಲ್ಲ. ತನ್ನದನ್ನು ಬೇರೆಯವರಿಗೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ, ಅಷ್ಟೆ.

"ತಿರುಗಿಸಿಲ್ಲ," ಎಂದಳು.

ಮೂವರೂ ತಿರುಗಿದರು.

"ಯಾರೂ ಹಿಂದಕ್ಕೆ ತಿರುಗಿಸಿಲ್ಲ. ಅಂಥಾ ಕೆಲಸ ಮಾಡಿಲ್ಲ. ನಿಲ್ಲಿಸಿದ್ದೆ. ಕೇಬಲ್ ಬಿಚ್ಚಿ. ಓಡಿಸಿದ್ದು ನಾನು."

ದಲ್ಲಾಳಿ ನಕ್ಕ. "ಅಮ್ಮಾ, ಯಜಮಾನ್ರನ್ನ ಉಳಿಸ್ಬೇಕು ಅಂತ ನೀವು..."

ಅವಳು ಚಪ್ಪಲಿ ಬಿಟ್ಟು, ಕಾರಿನೊಳಗೆ ಕೂತು, ಸೀಟನ್ನು ಮೂರು ಹಲ್ಲು ಮುಂದಕ್ಕೆ ಎಳೆದುಕೊಂಡು, ಎಡಪಾದವನ್ನು ಕ್ಲಚ್ಚಿನ ಮೇಲಿಟ್ಟಳು. ಅಚ್ಚಿಗೆ ಹೊಯ್ದಂತೆ ಕೂತಿತು. ಮುದುಕ ಟಾರ್ಚು ಹಾಕಿ ನೋಡಿ, ಆರಿಸಿದ. ಮೊದಲ ಸಲ ಅವನ ಮುಖದಲ್ಲಿ ನಗು ಕಂಡಿತು. "ಅಲ್ಲಮ್ಮಾ, ತಿರುಪಿಗೆ ಮಸಿ ಬಳಿಯೋದು ಎಲ್ಲಿ ಕಲಿತ್ರಿ? ನಾನು ಮೋಸ ಹೋದೆ."

"ಅವರೇ ಹೇಳ್ಕೊಟ್ಟಿದ್ದು," ಎಂದಳು ಅವಳು. ಹೇಳಿದ ಮೇಲೆ ಗಂಡನ ಮುಖ ನೋಡುವ ಧೈರ್ಯ ಬರಲಿಲ್ಲ.

"ಸಂಗ್ರಹದವರು ಇದನ್ನ ತಗೊಳಲ್ಲ. ಅವರಿಗೆ ಬೇಕಿರೋದು ಅಂಕಿ," ಎಂದ ಮುದುಕ. "ಆದ್ರೆ ಸಾರ್, ನೀವು ಹೇಳಿದ ಹಾಗೆ ಸುಮ್ನೆ ನಿಲ್ಸಿದ್ರೆ ಇಷ್ಟು ಹೊತ್ತಿಗೆ ಇದು ಗುಜರಿ. ಇದನ್ನ ಉಳಿಸಿದ್ದು ಓಟ. ಓಡಿಸೋರಿಗೆ ಮಾರೋದಾದ್ರೆ ನಾನೇ ತಗೊಳ್ತೀನಿ, ಎಂಟು ಅಲ್ಲ, ಒಂದೂವರೆ ಅಂದ್ಕೊಳ್ಳಿ." ಸ್ವಲ್ಪ ತಡೆದು, ಕುತೂಹಲ ತಾಳಲಾರದೆ ಕೇಳಿದ, "ಅಲ್ಲ ಸಾರ್, ಇಂಥಾ ಗಾಡಿ ಮನೇಲಿಟ್ಕೊಂಡು ನೀವ್ಯಾಕೆ ಓಡಿಸ್ಲಿಲ್ಲ?"

ಶೆಡ್ಡಿನ ತಗಡು ಬಿಸಿಲಿಗೆ ಚಟ್ ಎಂದಿತು. ಕೆಂಪು ಚೆಂಡು ಅವಳ ಕಣ್ಣ ಮುಂದೆ ಬಂತು. "ಅವರಿಗೆ ಪುರುಸೊತ್ತೆಲ್ಲಿತ್ತು? ಊರಿನ ಮೀಟರೆಲ್ಲ ಅವರ ತಲೆ ಮೇಲೇ ಇತ್ತಲ್ಲ," ಎಂದಳು ಬೇಗಬೇಗ. ಒಂದು ಸುಳ್ಳು ಬಿಚ್ಚಿದ ಕೈಯೇ ಇನ್ನೊಂದನ್ನು ಬಿಗಿ ಮಾಡಿತು. ಇದು ಮಾತ್ರ ಅವಳಿಗೆ ಸುಳ್ಳೆನಿಸಲಿಲ್ಲ.

ಗಂಡ ಅಂಗಿಯ ಗುಂಡಿಯನ್ನು ಬಿಟ್ಟ. ಬಹಳ ಹೊತ್ತು ಅವಳನ್ನೇ ನೋಡಿದ, ಯಾವುದೋ ಮನೆಯ ಮೀಟರಿನಲ್ಲಿ ತನ್ನ ಹಿಂದಿನ ಟಿಪ್ಪಣಿಗೆ ಹೊಂದದ ಅಂಕಿ ಕಂಡವನ ಹಾಗೆ. ಕೋಪವಿತ್ತೇ? ಇತ್ತು. ಆದರೆ ಅದರ ಹಿಂದೆ ಇನ್ನೊಂದೂ ಇತ್ತು. ಸುಳ್ಳು ಅಂಕಿಯನ್ನು ಕಂಡೂ ಕಾಣದಂತೆ ಸಹಿ ಹಾಕಿ ಬರುವುದು ಅವನಿಗೆ ಎಂದೂ ಆಗಿರಲಿಲ್ಲ. ಅದನ್ನು ಅವಳು ಬಲ್ಲಳು. ಅದಕ್ಕೇ ಅವನನ್ನು ಕಟ್ಟಿಕೊಂಡು ಮೂವತ್ತು ವರ್ಷ ಹೆಮ್ಮೆಯಿಂದ ಬದುಕಿದ್ದಳು.

"ಭಯ," ಎಂದ ಅವನು, ಮುದುಕನಿಗೆ. "ಭಯ ಆಗಿತ್ತು ನನಗೆ. ಒಂದು ಮಗು ನನ್ನ ಚಕ್ರದ ಕೆಳಗೆ ಬಂತು ಅಂದ್ಕೊಂಡೆ. ಬರ್ಲಿಲ್ಲ. ಆದ್ರೂ ಮತ್ತೆ ಓಡಿಸೋಕಾಗ್ಲಿಲ್ಲ." ಮೀಟರಿನ ಕಡೆ ಬೆರಳು ತೋರಿಸಿದ. "ಇನ್ನೊಂದು. ಆ ಮೂರು ಸಾವಿರದ ನಾನೂರ ಏಳರಲ್ಲಿ ಕೊನೇ ಹನ್ನೊಂದು ನಂದಲ್ಲ. ಆವತ್ತು ತಂದು ನಿಲ್ಲಿಸಿದ್ದೂ ಇವಳೇ. ನಂದು ಮೂರು ಸಾವಿರದ ಮುನ್ನೂರ ತೊಂಬತ್ತಾರು. ಬರ್ಕೊಳ್ಳೋದಾದ್ರೆ ಸರಿಯಾಗಿ ಬರ್ಕೊಳ್ಳಿ."

ಅವಳಿಗೆ ಸ್ಟೀರಿಂಗು ಮಂಜುಮಂಜಾಯಿತು. ಹನ್ನೊಂದನ್ನು ಅವನೂ ಎಣಿಸಿಟ್ಟುಕೊಂಡಿದ್ದ. ಪ್ರತಿ ಸಲ ಆ ಅಂಕಿ ಹೇಳುವಾಗಲೂ ಒಳಗೊಳಗೆ ಕಳೆಯುತ್ತಿದ್ದನೇನೋ.

ಬಂದವರು ಟೀಗೂ ನಿಲ್ಲದೆ, ಸಂಜೆ ಹೇಳಿ ಕಳಿಸ್ತೀವಿ ಎಂದು ಹೋದರು. ಹೋಗುವಾಗ ದಲ್ಲಾಳಿ ಹಣೆ ಚಚ್ಚಿಕೊಂಡದ್ದು ಗೇಟಿನ ಆಚೆಯೂ ಕಂಡಿತು. ಅವಳು ಕಾರಿನಿಂದ ಇಳಿಯದೆ ಹಾಗೆಯೇ ಕೂತಿದ್ದಳು, ಇಳಿದರೆ ಮುಂದೇನೆಂದು ತಿಳಿಯದೆ. ಗಂಡ ಶೆಡ್ಡಿಗೆ ಬಂದ. ಅವಳ ಪಕ್ಕದ ಬಾಗಿಲಲ್ಲಿ ಬಗ್ಗಿ, ಸ್ಟೀರಿಂಗಿನ ಹಿಂದೆ ಕೈ ತೂರಿಸಿ, ಕಾಣದ ತಿರುಪನ್ನು ಹುಡುಕಿ, ಒಂದು ಸುತ್ತು ಬಿಗಿ ಮಾಡಿ ನೋಡಿದ. ಕೈ ಹೊರಗೆ ತೆಗೆದು ಬೆರಳಿನ ಮಸಿಯನ್ನು ಬೆಳಕಿಗೆ ಹಿಡಿದ.

"ಹತ್ತೊಂಬತ್ತು ವರ್ಷ," ಎಂದ. "ನನಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ?"

"ಅನ್ನಿಸ್ತಿತ್ತು. ಪ್ರತಿ ಗುರುವಾರ."

"ಹೂಂ." ಅವನು ಸುತ್ತು ಹಾಕಿ ಆಚೆಯ ಬಾಗಿಲು ತೆಗೆದು, ಹಿಂದಿನ ಸೀಟಿಗಲ್ಲ, ಅವಳ ಪಕ್ಕಕ್ಕೆ ಬಂದು ಕೂತ. ಮಂಡಿಗಳ ಮೇಲೆ ಎರಡೂ ಕೈ ಇಟ್ಟುಕೊಂಡ. "ಭೂಮಿ ಸುತ್ತಳತೆ ನಲವತ್ತು ಸಾವಿರ. ಅಂದ್ರೆ ನೀನು ಒಂದೂವರೆ ಸುತ್ತು ಬಂದಿದ್ದೀಯ. ನನಗೆ ಒಂದು ಕಿಲೋಮೀಟರ್ ತೋರ್ಸು ನೋಡೋಣ. ನಿಧಾನ."

ಕಾರು ಬಿಸಿಲಿಗೆ ಬಂತು. ಎದುರು ಮನೆಯ ಬಾಗಿಲಲ್ಲಿ ಟೈಲರ್, ಅವಳ ಹಿಂದೆ ಇನ್ನಾರೇಳು ಹೆಂಗಸರು ನಿಂತಿದ್ದರು. ಕೊನೆಗೆ ಟೈಲರೇ ತಡೆಯಲಾರದೆ ಕೂಗಿದಳು, "ಅಕ್ಕಾ, ಗವಸು ಒಗೆದಾಯ್ತಾ?"

"ಇನ್ನು ಒಗೆಯಲ್ಲ ಕಣೇ!" ಎಂದಳು ಅವಳು, ಇಡೀ ಬೀದಿಗೆ ಕೇಳುವ ಹಾಗೆ. ಪಕ್ಕದಲ್ಲಿ ಗಂಡ ಒಮ್ಮೆ ಆ ಹೆಂಗಸರ ಸಾಲನ್ನೂ ಒಮ್ಮೆ ಅವಳನ್ನೂ ನೋಡಿ, "ಎಲ್ಲರಿಗೂ ಗೊತ್ತಿತ್ತಾ!" ಎಂದ, ನಗಬೇಕೋ ಬೈಯಬೇಕೋ ತಿಳಿಯದವನಂತೆ.

ಅವಳು ಎರಡನೆಯ ಗೇರು ಹಾಕಿದಳು. ಇಷ್ಟು ವರ್ಷ ಏಳದಿದ್ದ ಮುಳ್ಳು ಎದ್ದು ಇಪ್ಪತ್ತಕ್ಕೆ ಬಂತು, ಇಪ್ಪತ್ತೈದಕ್ಕೆ ಬಂತು. ಅದು ಏಳುವುದನ್ನು ಕಣ್ಣಲ್ಲಿ ನೋಡಿ ಅವಳಿಗೆ ಒಂದು ಥರ ನಾಚಿಕೆಯಾಯಿತು. ಗಂಡ ರಸ್ತೆಯನ್ನು ನೋಡುತ್ತಿರಲಿಲ್ಲ. ತಿರುವು ಬಂದಾಗ ಕಣ್ಣು ಮುಚ್ಚಿದ, ಮತ್ತೆ ತೆರೆದು ಮೀಟರಿನ ಪುಟ್ಟ ಕಿಟಕಿಯಲ್ಲೇ ನೆಟ್ಟ. ಅಲ್ಲಿ ಬಿಳಿಯ ಏಳು ನಿಧಾನವಾಗಿ ಮೇಲಕ್ಕೆ ಸರಿಯತೊಡಗಿತ್ತು, ಅದರ ಕೆಳಗಿನಿಂದ ಎಂಟಿನ ತಲೆ ಇಣುಕುತ್ತಿತ್ತು. ಅವನು ಮುಂದಕ್ಕೆ ಬಗ್ಗಿ, ಅದು ಪೂರ್ತಿ ಬಂದು ನಿಲ್ಲುವವರೆಗೆ ಕಾದು, ಮೂವತ್ತನಾಲ್ಕು ವರ್ಷ ಬೇರೆಯವರ ಬಾಗಿಲುಗಳಲ್ಲಿ ನಿಂತು ಓದುತ್ತಿದ್ದ ಅದೇ ಸ್ಪಷ್ಟ ದನಿಯಲ್ಲಿ ಗಟ್ಟಿಯಾಗಿ ಓದಿದ:

"ಮೂರು ಸಾವಿರದ ನಾನೂರ ಎಂಟು."